ಅರಿತಿದ್ದರೂ ಕಾಡುವ ಚಿಂತೆ

ನವರಾತ್ರಿಯ ಒಂಬತ್ತು ದಿನಗಳಲ್ಲಿ ಶ್ರೀದುರ್ಗಾಸಪ್ತಶತಿಯ ಪಾರಾಯಣ ನಡೆಯುವ ಮನೆಗಳು ನಮ್ಮಲ್ಲಿ ಅನೇಕ. ಉತ್ತರ ಕರ್ನಾಟಕದಿಂದ ಬಂದವರ ಮನೆಗಳಲ್ಲಿ ಚಿದಾನಂದಾವಧೂತರ ದೇವೀಪುರಾಣದ ಪಠಣವಾಗುತ್ತದೆ. ಕರಾವಳಿಯವರು 'ದೇವೀ ಮಹಾತ್ಮೆ'ಯ ಯಕ್ಷಗಾನವನ್ನು ರಾತ್ರಿಯಿಡೀ ಕಣ್ಣು ಮಿಟುಕಿಸದೆ ಕಂಡು ಬೆಳೆದವರು. ಮಹಿಷಾಸುರನ ಆರ್ಭಟ, ಚಂಡಮುಂಡರ ಸಂಹಾರ, ನೆಲಕ್ಕೆ ಬಿದ್ದ ಪ್ರತಿಯೊಂದು ತೊಟ್ಟಿನಿಂದಲೂ ಮತ್ತೆ ಹುಟ್ಟಿಬರುವ ರಕ್ತಬೀಜ, ಇವೆಲ್ಲ ನಮ್ಮ ಕಣ್ಣಿಗೆ ಕಟ್ಟಿವೆ. ಆದರೆ ಆ ಮಹಾಗ್ರಂಥವು ಆರಂಭವಾಗುವುದು ಯುದ್ಧದಿಂದಲ್ಲ. ಮನಶ್ಶಾಂತಿಯನ್ನು ಕಳೆದುಕೊಂಡ ಇಬ್ಬರು ಸಾಮಾನ್ಯ ಮನುಷ್ಯರ ಮಾತುಕತೆಯಿಂದ. ಇದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಸುರಥನೆಂಬ ರಾಜನು ಶತ್ರುಗಳಿಂದ ಸೋತು, ತನ್ನ ಮಂತ್ರಿಗಳಿಂದಲೇ ವಂಚಿತನಾಗಿ, ಬೇಟೆಯ ನೆವದಿಂದ ಒಬ್ಬನೇ ಕುದುರೆಯೇರಿ ಅರಣ್ಯವನ್ನು ಸೇರುತ್ತಾನೆ. ಮೇಧಸ್ ಋಷಿಗಳ ಆಶ್ರಮದಲ್ಲಿ ಅವನಿಗೆ ಆಶ್ರಯ ದೊರೆಯುತ್ತದೆ. ಅಲ್ಲಿ ಭಯವಿಲ್ಲ, ಮೃಗಗಳು ಕೂಡ ಶಾಂತವಾಗಿವೆ. ಆದರೂ ರಾಜನ ಮನಸ್ಸು ಬಿಟ್ಟುಬಂದ ಊರಿನಲ್ಲೇ ಸುತ್ತುತ್ತಿದೆ. ನನ್ನ ಪಟ್ಟದಾನೆಗೆ ಈಗ ಯಾರು ಮೇವು ಹಾಕುತ್ತಾರೆ? ಕಷ್ಟಪಟ್ಟು ಕೂಡಿಸಿದ ಬೊಕ್ಕಸವನ್ನು ದುಂದುಗಾರರು ಬರಿದು ಮಾಡುವುದಿಲ್ಲವೆ? ಆಗ ಅಲ್ಲಿಗೆ ಸಮಾಧಿಯೆಂಬ ವೈಶ್ಯನು ಬರುತ್ತಾನೆ. ಹಣದಾಸೆಯಿಂದ ಹೆಂಡತಿ ಮಕ್ಕಳೇ ಅವನನ್ನು ಮನೆಯಿಂದ ಹೊರಹಾಕಿದ್ದಾರೆ. ಅವನ ಕೊರಗಾದರೂ ಏನು? ಅವರು ಅಲ್ಲಿ ಕ್ಷೇಮವಾಗಿದ್ದಾರೆಯೆ, ಮಕ್ಕಳು ಸನ್ನಡತೆಯಲ್ಲಿದ್ದಾರೆಯೆ ಎಂಬುದೇ. ಇಬ್ಬರೂ ಋಷಿಗಳ ಬಳಿಗೆ ಹೋಗಿ ಕೇಳುವ ಪ್ರಶ್ನೆಯ ತಾತ್ಪರ್ಯವಿಷ್ಟು: ಇದರಿಂದ ಪ್ರಯೋಜನವಿಲ್ಲವೆಂದು ನಮಗೆ ಗೊತ್ತಿದೆ, ಗೊತ್ತಿದ್ದರೂ ಅರಿಯದವರಂತೆ ಏಕೆ ಬೇಯುತ್ತಿದ್ದೇವೆ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮಲ್ಲಿ ಬಹುಮಂದಿ ಒಂದು ಊರನ್ನು ಬಿಟ್ಟು ಇನ್ನೊಂದು ಊರಿಗೆ ಪೂರ್ತಿಯಾಗಿ ಸೇರದವರು. ಊರಿನಲ್ಲಿ ವಯಸ್ಸಾದ ತಾಯಿ, ಪಾಲಾಗದ ಗದ್ದೆ, ಬೀಗ ಹಾಕಿದ ಮನೆ. ಇಲ್ಲಿ ಸಾಲದ ಕಂತು, ಮಕ್ಕಳ ಪರೀಕ್ಷೆ, ಕನ್ನಡವನ್ನು ಮರೆಯುತ್ತಿರುವ ಮೊಮ್ಮಕ್ಕಳು. ಇವುಗಳ ನಡುವೆ ದಿನವನ್ನು ಎರಡಾಗಿ ಸೀಳುವ ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ 34 ಕಿಲೋಮೀಟರು ಓಡಿದ ಭಾರತದ ಮೊದಲ ಪ್ರಯಾಣಿಕರ ಗಾಡಿಯನ್ನು ಜನರು ಅಚ್ಚರಿಯಿಂದ ನೋಡಿದರಂತೆ. ಮರುವರ್ಷ ಆ ಹಳಿ ಕಲ್ಯಾಣವನ್ನು ಮುಟ್ಟಿತು. ಅದೇ ಹಳಿಯ ಮೇಲೆ ಇಂದು ಡೊಂಬಿವಲಿಯ ಗೃಹಸ್ಥನು ಒಂಟಿ ಕಾಲಿನ ಮೇಲೆ ನಿಂತು, ಒಂದು ಗಂಟೆಗೂ ಮೀರಿ ಪ್ರಯಾಣ ಮಾಡಿ ಕೆಲಸಕ್ಕೆ ಹೋಗುತ್ತಾನೆ. ಅಷ್ಟೇ ಹೊತ್ತು ನಿಂತು ಮರಳುತ್ತಾನೆ. 2025ರ ಜೂನ್ 9ರಂದು ಮುಂಬ್ರಾದ ಬಳಿ ತುಂಬಿ ತುಳುಕುತ್ತಿದ್ದ ಗಾಡಿಗಳಿಂದ ಪ್ರಯಾಣಿಕರು ಬಿದ್ದು ಪ್ರಾಣ ಕಳೆದುಕೊಂಡ ಸುದ್ದಿ ಬಂದ ದಿನ, ಬಾಗಿಲಲ್ಲಿ ನಿಂತು ಹೋಗುವ ಮಗನುಳ್ಳ ಪ್ರತಿಯೊಬ್ಬ ತಾಯಿಯ ಎದೆಯೂ ನಡುಗಿರಬೇಕು. ಇಂಥ ಚಿಂತೆಯನ್ನು ಮೂರ್ಖತನವೆಂದು ಯಾರು ಹೇಳಬಲ್ಲರು?

ಆದರೆ ಚಿಂತೆಯಲ್ಲಿ ಎರಡು ಬಗೆಯುಂಟು. ಒಂದು, ಕೆಲಸವಾಗಿ ಮುಗಿಯುವ ಚಿಂತೆ. ಮಗಳ ಶಾಲಾಶುಲ್ಕದ ಚಿಂತೆ ಹಣ ಹೊಂದಿಸಿದೊಡನೆ ತೀರುತ್ತದೆ. ಇದು ವಿವೇಕದ ಒಂದು ರೂಪ. ಇನ್ನೊಂದು, ಕಾರಣ ತೀರಿದರೂ ತೀರದ ಚಿಂತೆ. ಶುಲ್ಕ ಕಟ್ಟಿಯಾಯಿತು, ಎದೆಬಡಿತ ನಿಲ್ಲಲಿಲ್ಲ. ಮಗ ಮನೆಗೆ ಬಂದು ಊಟ ಮಾಡಿ ಮಲಗಿದ, ತಾಯಿಗೆ ಮಾತ್ರ ನಿದ್ರೆಯಿಲ್ಲ. ಒಂದು ವಿಷಯ ಹೋದರೆ ಇನ್ನೊಂದನ್ನು ಹುಡುಕಿ ಹಿಡಿಯುವ ಈ ಕಳವಳವು ರಕ್ತಬೀಜನ ಸಂತತಿಯಂಥದು. ಈ ಎರಡನೆಯ ಬಗೆಯನ್ನು ಕುರಿತೇ ಇಲ್ಲಿ ವಿಚಾರಮಾಡೋಣ.

ಇಂಥ ಕಳವಳದಲ್ಲಿರುವವನು ಬಾಯಿಬಿಟ್ಟು ಹೇಳಿದಾಗ ಅವನಿಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು. 'ದೇವರ ಮೇಲೆ ಭಾರ ಹಾಕು, ನಂಬಿಕೆಯಿದ್ದವನಿಗೆ ಚಿಂತೆ ಯಾಕೆ?' ಎಂಬುದು ಒಂದು. 'ಎಲ್ಲ ನಿನ್ನ ಮನಸ್ಸಿನ ಭ್ರಮೆ, ಧೈರ್ಯ ತಂದುಕೋ' ಎಂಬುದು ಇನ್ನೊಂದು. ಎರಡೂ ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತುಗಳು. ಆದರೆ ಇವೆರಡರಲ್ಲೂ ಒಂದು ಆಪಾದನೆ ಅಡಗಿದೆ. ಮೊದಲನೆಯದು ಅವನ ಭಕ್ತಿಯನ್ನು ಶಂಕಿಸುತ್ತದೆ, ಎರಡನೆಯದು ಅವನ ಪೌರುಷವನ್ನು ಶಂಕಿಸುತ್ತದೆ. ಮೊದಲೇ ನೊಂದವನು ಈಗ ತನ್ನ ನೋವಿಗಾಗಿ ನಾಚಿಕೊಳ್ಳಬೇಕಾಗುತ್ತದೆ. ಮುಂದೆ ಅವನು ಹೇಳುವುದನ್ನೇ ಬಿಟ್ಟುಬಿಡುತ್ತಾನೆ. ಆದುದರಿಂದ ನಾವು ಕೇಳಬೇಕಾದ ನೈತಿಕ ಪ್ರಶ್ನೆ ಇದು: ಕಳವಳವು ಒಂದು ದೋಷವೆ, ಅಥವಾ ಒಂದು ಬಾಧೆಯೆ? ದೋಷವಾದರೆ ತಿದ್ದಬೇಕು, ಬಾಧೆಯಾದರೆ ಆರೈಕೆ ಮಾಡಬೇಕು.

ಈ ಪ್ರಶ್ನೆಗೆ ಉತ್ತರ ಹುಡುಕಲು ಭಗವದ್ಗೀತೆಯ ಮೊದಲನೆಯ ಅಧ್ಯಾಯವನ್ನು ವೈದ್ಯನ ಕಣ್ಣಿನಿಂದ ನೋಡಬೇಕು. ಅರ್ಜುನನು ಕೃಷ್ಣನ ಮುಂದೆ ತನ್ನ ಸ್ಥಿತಿಯನ್ನು ನಿವೇದಿಸುವಾಗ ಧರ್ಮದ ವಾದವನ್ನು ಮೊದಲು ಹೂಡುವುದಿಲ್ಲ. ಮೊದಲು ತನ್ನ ದೇಹದ ವರದಿಯನ್ನು ಕೊಡುತ್ತಾನೆ. ಅವಯವಗಳು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮಗಳು ನಿಮಿರಿವೆ, ಗಾಂಡೀವ ಕೈಯಿಂದ ಜಾರುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲಾರೆ, ಮನಸ್ಸು ಸುತ್ತುತ್ತಿದೆ. ಇಂದು ಇದೇ ಪಟ್ಟಿಯನ್ನು ಹಿಡಿದು ಯಾವ ವೈದ್ಯರ ಬಳಿಗೆ ಹೋದರೂ ಅವರು ಕೂಡಲೆ ಗುರುತಿಸುತ್ತಾರೆ. ಅರ್ಜುನನು ಹೇಡಿಯಲ್ಲ, ಅಭಕ್ತನೂ ಅಲ್ಲ. ಸಾಕ್ಷಾತ್ ಭಗವಂತನೇ ಅವನ ಸಾರಥಿ. ಆದರೂ ಬಾಯಿ ಒಣಗಿತು. ಹಾಗಿದ್ದ ಮೇಲೆ ನಮ್ಮ ನೆರೆಮನೆಯವನ ಬಾಯಿ ಒಣಗಿದರೆ ಅದಕ್ಕೆ ಅವನ ಭಕ್ತಿಯ ಕೊರತೆ ಕಾರಣವೆನ್ನಲು ನಾವು ಯಾರು?

ಆ ಸ್ಥಿತಿಯಲ್ಲಿ ದೇಹದೊಳಗೆ ನಡೆಯುವುದೇನು? ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು ನೋವು, ಹಸಿವು, ಭಯ, ಕ್ರೋಧಗಳಲ್ಲಿ ದೇಹವು ಹೊಂದುವ ಮಾರ್ಪಾಡುಗಳನ್ನು ಪರೀಕ್ಷಿಸಿ 1915ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಪಾಯ ಎದುರಾದಾಗ ಮಿದುಳು ನಮ್ಮ ಅಪ್ಪಣೆಗೆ ಕಾಯದೆ ನರಗಳ ಮೂಲಕ ಸೂಚನೆ ಕಳುಹಿಸುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಮೇಲೇರುತ್ತದೆ, ರಕ್ತವು ಹೊಟ್ಟೆಯಿಂದ ಮಾಂಸಖಂಡಗಳತ್ತ ಹರಿಯುತ್ತದೆ, ಬೆವರು ಒಡೆಯುತ್ತದೆ, ಜೀರ್ಣಕ್ರಿಯೆ ನಿಧಾನವಾಗಿ ಬಾಯಿ ಒಣಗುತ್ತದೆ. ಹುಲಿ ಎದುರಾದರೆ ಹೋರಾಡಲು ಅಥವಾ ಓಡಲು ಇದು ಬೇಕೇ ಬೇಕು. ದೇವರು ಕೊಟ್ಟ ಕಾವಲುಗಾರ ಇವನು. ಆದರೆ ಈ ಕಾವಲುಗಾರನಿಗೆ ಹುಲಿಗೂ ಮೇಲಧಿಕಾರಿಯ ಸಂದೇಶಕ್ಕೂ, ಬೆಂಕಿಗೂ ತಪ್ಪಿಹೋದ ಗಾಡಿಗೂ ಇರುವ ಭೇದ ಚೆನ್ನಾಗಿ ತಿಳಿಯದು. ಎಲ್ಲಕ್ಕೂ ಒಂದೇ ಗಂಟೆ ಬಾರಿಸುತ್ತಾನೆ. ಹುಲಿ ಎದುರಾದವನು ಓಡಿದ, ದೇಹದಲ್ಲಿ ಏರಿದ ಕಾವು ಓಟದಲ್ಲಿ ಕರಗಿತು. ಗಾಡಿಯ ಇಕ್ಕಟ್ಟಿನಲ್ಲಿ ಅಲುಗಾಡಲಾರದೆ ನಿಂತವನು ಎಲ್ಲಿಗೆ ಓಡಬೇಕು? ಏರಿದ ಕಾವು ಒಳಗೇ ಉಳಿಯುತ್ತದೆ. ದಿನಗಟ್ಟಲೆ ಹೀಗಾದಾಗ ಕಾರ್ಟಿಸಾಲ್ ಎಂಬ ಇನ್ನೊಂದು ರಸವೂ ಹದ ತಪ್ಪಿ, ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟಾಗ ಕಾವಲುಗಾರನು ಇನ್ನಷ್ಟು ಬೆದರುತ್ತಾನೆ.

ಇನ್ನೂ ಒಂದು ಸೂಕ್ಷ್ಮವುಂಟು. ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸ್ 1884ರಲ್ಲಿ ಒಂದು ವಿಚಿತ್ರ ವಾದವನ್ನು ಮುಂದಿಟ್ಟರು. ನಾವು ಹೆದರಿದ್ದರಿಂದ ನಡುಗುತ್ತೇವೆ ಎಂದು ಲೋಕ ತಿಳಿದಿದೆ. ನಡುಗಿದ್ದರಿಂದ ಹೆದರುತ್ತೇವೆ ಎನ್ನುವುದೇ ಹೆಚ್ಚು ಸರಿ ಎಂಬುದು ಆ ವಾದ. ಕ್ಯಾನನ್ ಅವರೇ 1927ರಲ್ಲಿ ಇದನ್ನು ಖಂಡಿಸಿದರು. ಪಂಡಿತರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅದರಲ್ಲಿ ಸತ್ಯದ ಒಂದು ಪಾಲು ಇದೆಯೆಂಬುದಕ್ಕೆ ನಿತ್ಯದ ಅನುಭವವೇ ಸಾಕ್ಷಿ. ಕಾರಣವಿಲ್ಲದೆ ಎದೆ ಬಡಿದುಕೊಂಡಾಗ ಮನಸ್ಸು ಸುಮ್ಮನಿರದು. 'ಎದೆ ಬಡಿಯುತ್ತಿದೆಯಲ್ಲ, ಏನೋ ಕೆಡುಕಾಗಲಿದೆ' ಎಂದು ಕಾರಣವನ್ನು ತಾನೇ ಕಟ್ಟಿಕೊಳ್ಳುತ್ತದೆ. ಉಸಿರು ಅತಿ ವೇಗವಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡಿನ ಪ್ರಮಾಣ ತಗ್ಗಿ ತಲೆ ತಿರುಗುತ್ತದೆ, ಬೆರಳುಗಳೂ ತುಟಿಗಳೂ ಜುಮುಗುಡುತ್ತವೆ. ಇದನ್ನು ಅರಿಯದವನು 'ಸತ್ತೇ ಹೋದೆ' ಎಂದುಕೊಂಡು ಮತ್ತಷ್ಟು ವೇಗವಾಗಿ ಉಸಿರಾಡುತ್ತಾನೆ. ಹೀಗೆ ಭಯವು ತನ್ನ ಬಾಲವನ್ನು ತಾನೇ ನುಂಗುವ ಹಾವಿನಂತೆ ಸುತ್ತುತ್ತದೆ.

ಆದುದರಿಂದ ಕಳವಳಕ್ಕೆ ದೇಹದಲ್ಲಿ ಬೇರುಗಳಿರಬಹುದೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಕತ್ತಿನಲ್ಲಿರುವ ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತೂಕ ಇಳಿಯುತ್ತದೆ, ಸೆಕೆ ತಡೆಯದು, ಕಾರಣವಿಲ್ಲದ ಉದ್ವೇಗವಿರುತ್ತದೆ. ರಕ್ತಹೀನತೆಯಿದ್ದವರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಎದೆಬಡಿತ, ಏದುಸಿರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ನಮ್ಮ ಗೃಹಿಣಿಯ 'ಹೆದರಿಕೆ'ಗೆ ಎಷ್ಟೋ ಸಲ ಕಬ್ಬಿಣದ ಅಂಶದ ಕೊರತೆಯೂ ಒಂದು ಕಾರಣವಾಗಿರಬಾರದೇಕೆ? ಮಧುಮೇಹಕ್ಕೆ ಔಷಧ ಸೇವಿಸುವವರು ಹೊತ್ತಿಗೆ ಉಣ್ಣದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು, ಬೆವರು ನಡುಕಗಳು ಬಂದು, ಭಯವೇ ಬಂದಂತೆ ತೋರುತ್ತದೆ. ನವರಾತ್ರಿಯ ಉಪವಾಸವನ್ನು ಹಿಡಿಯುವ ಮೊದಲು ಅಂಥವರು ವೈದ್ಯರನ್ನು ಕೇಳಲೇಬೇಕು. ಉಬ್ಬಸಕ್ಕೆ ಬಳಸುವ ಕೆಲವು ಔಷಧಗಳಿಂದಲೂ ಎದೆಬಡಿತ ಏರುತ್ತದೆ. ಸಂಜೆಯ ಚಿಂತೆಯನ್ನು ಮರೆಯಲು ಕುಡಿಯುವವನಿಗೆ ಅಮಲು ಇಳಿಯುವ ಬೆಳಗಿನ ಜಾವದಲ್ಲಿ ಆ ಚಿಂತೆ ಬಡ್ಡಿ ಸಮೇತ ಮರಳುತ್ತದೆ. ಮುಖ್ಯವಾಗಿ, ಎದೆನೋವನ್ನು 'ಬರೀ ಗಾಬರಿ' ಎಂದು ಮನೆಯಲ್ಲೇ ನಿರ್ಣಯಿಸಬಾರದು. ಹೃದಯದ ರೋಗವೂ ಅದೇ ವೇಷದಲ್ಲಿ ಬರಬಲ್ಲದು. ಮೊದಲು ಪರೀಕ್ಷೆ, ಆಮೇಲೆ ಸಮಾಧಾನ.

ದೇಹವು ಮನಸ್ಸನ್ನು ಆಳುತ್ತದೆಯೆಂಬ ಮಾತು ಪಶ್ಚಿಮದಿಂದ ಬಂದ ಜಡವಾದವೆಂದು ಕೆಲವರು ಮೂಗು ಮುರಿಯಬಹುದು. ಅಂಥವರು ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯವನ್ನು ನೋಡಬೇಕು. ಉದ್ದಾಲಕ ಆರುಣಿಯು ತನ್ನ ಮಗ ಶ್ವೇತಕೇತುವಿಗೆ, ಹದಿನೈದು ದಿನ ಅನ್ನವನ್ನು ಬಿಟ್ಟು ಬರೀ ನೀರು ಕುಡಿದಿರಲು ಹೇಳುತ್ತಾನೆ. ಬಳಿಕ ಬಂದ ಮಗನಿಗೆ ವೇದವನ್ನು ಹೇಳೆಂದಾಗ ಅವನಿಗೆ ಒಂದೂ ಹೊಳೆಯುವುದಿಲ್ಲ. ಹನ್ನೆರಡು ವರ್ಷ ಕಲಿತ ವಿದ್ಯೆ ಎಲ್ಲಿ ಹೋಯಿತು? ಊಟ ಮಾಡಿ ಬಾ ಎಂದು ತಂದೆ ಕಳುಹಿಸುತ್ತಾನೆ. ಉಂಡುಬಂದ ಮಗನಿಗೆ ಕೇಳಿದ್ದೆಲ್ಲವೂ ನೆನಪಾಗುತ್ತದೆ. ಮನಸ್ಸು ಅನ್ನದಿಂದಾದುದು ಎಂಬ ತತ್ತ್ವವನ್ನು ತಂದೆ ಬಾಯಿಮಾತಿನಲ್ಲಿ ಬಿಡದೆ ಪ್ರಯೋಗದಿಂದ ತೋರಿಸಿದ. ತೈತ್ತಿರೀಯವೂ ಅನ್ನಮಯದಿಂದ ಆರಂಭಿಸಿ, ಪ್ರಾಣಮಯವನ್ನು ದಾಟಿದ ಮೇಲೆಯೇ ಮನೋಮಯಕ್ಕೆ ಬರುತ್ತದೆ. ನಮ್ಮ ಹಿರಿಯರು ಮೆಟ್ಟಿಲುಗಳನ್ನು ಹಾರಿದವರಲ್ಲ.

ಹಾಗಾದರೆ ಕಳವಳವೆಂಬುದು ಬರಿಯ ರಸಗಳ ಏರಿಳಿತವೆ? ಹಾಗೂ ಅಲ್ಲ. ದೇಹಕ್ಕೆ ನೆನಪಿದೆ, ಅದು ಬಾಳಿನಿಂದ ಕಲಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಗಾಡಿಗಳು ನಿಂತವು, ಅಸಂಖ್ಯ ಜನರು ಹಳಿಗುಂಟ ರಾತ್ರಿಯೆಲ್ಲ ನಡೆದರು, ಕಲ್ಯಾಣದ ಸುತ್ತ ಉಲ್ಹಾಸ ನದಿಯ ನೀರು ಮನೆಗಳಿಗೆ ನುಗ್ಗಿತು. ಅಂದು ಸೊಂಟದವರೆಗಿನ ನೀರಿನಲ್ಲಿ ನಡೆದುಬಂದವರಿಗೆ ಜುಲೈ ತಿಂಗಳಲ್ಲಿ ಆಕಾಶ ಕಪ್ಪಾದೊಡನೆ ಇಂದಿಗೂ ಹೊಟ್ಟೆಯಲ್ಲಿ ಏನೋ ಕಲಕಿದಂತಾದರೆ ಆಶ್ಚರ್ಯವಿಲ್ಲ. ಅದು ಬುದ್ಧಿಯ ನಿರ್ಣಯವಲ್ಲ, ಮೈಯ ಸ್ಮರಣೆ. ಆದರೆ ಮೈ ಭಯವನ್ನು ಕಲಿಯಬಲ್ಲುದಾದರೆ ನೆಮ್ಮದಿಯನ್ನೂ ಕಲಿಯಬಲ್ಲುದು. ನಮ್ಮ ಎಲ್ಲ ಆಶೆಯೂ ಈ ಒಂದು ಮಾತಿನಲ್ಲಿದೆ.

ಈಗ ಸಪ್ತಶತಿಗೆ ಮತ್ತೆ ಬರೋಣ. ಅದರ ಐದನೆಯ ಅಧ್ಯಾಯದಲ್ಲಿ ದೇವತೆಗಳು ದೇವಿಯನ್ನು ಸ್ತುತಿಸುವ ಭಾಗ ನಮ್ಮ ಅನೇಕರಿಗೆ ಕಂಠಪಾಠ. ಅಲ್ಲಿ ಸಕಲ ಪ್ರಾಣಿಗಳಲ್ಲಿಯೂ ಯಾವ ಯಾವ ರೂಪದಿಂದ ಇರುವ ದೇವಿಗೆ ನಮಸ್ಕಾರ ಸಲ್ಲುತ್ತದೆ? ಬುದ್ಧಿಯ ರೂಪಕ್ಕೆ, ಶಕ್ತಿಯ ರೂಪಕ್ಕೆ, ಶ್ರದ್ಧೆಯ ರೂಪಕ್ಕೆ ಸರಿ. ಆದರೆ ನಿದ್ರೆಯ ರೂಪಕ್ಕೂ, ಹಸಿವಿನ ರೂಪಕ್ಕೂ, ಕೊನೆಗೆ ಭ್ರಾಂತಿಯ ರೂಪಕ್ಕೂ ದೇವತೆಗಳು ಮೂರು ಮೂರು ಸಲ ನಮಿಸುತ್ತಾರೆ. ಇದನ್ನು ಪಠಿಸುವ ನಾವೇ ನಿದ್ರೆಯನ್ನು ಸೋಮಾರಿತನವೆಂದೂ ಹಸಿವನ್ನು ಅಡ್ಡಿಯೆಂದೂ ತಿಳಿದರೆ ಪಾರಾಯಣಕ್ಕೆ ಅರ್ಥವೇನು ಉಳಿಯಿತು? ರಾತ್ರಿ ಹನ್ನೆರಡರವರೆಗೆ ಮೊಬೈಲಿನ ಬೆಳಕನ್ನು ಕಣ್ಣಿಗೆ ಹಿಡಿದು, ಬೆಳಗ್ಗೆ ಐದಕ್ಕೆ ಡಬ್ಬಿ ಕಟ್ಟಲು ಏಳುವ ಮನೆಯಲ್ಲಿ ದೇವಿಯ ಒಂದು ರೂಪಕ್ಕೆ ದಿನವೂ ಅಪಚಾರವಾಗುತ್ತಿದೆ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ರೆ ಬೇಕೆಂದು ವೈದ್ಯರು ಹೇಳುವುದನ್ನು ನಾವು ಈ ದೃಷ್ಟಿಯಿಂದ ಸ್ವೀಕರಿಸಬಹುದು. ಗೀತೆಯ ಆರನೆಯ ಅಧ್ಯಾಯವೂ ಅತಿಯಾಗಿ ಉಣ್ಣುವವನಿಗಾಗಲಿ ಉಣ್ಣದವನಿಗಾಗಲಿ, ಅತಿಯಾಗಿ ಮಲಗುವವನಿಗಾಗಲಿ ಎಚ್ಚರಿರುವವನಿಗಾಗಲಿ ಯೋಗವು ಸಿದ್ಧಿಸದೆಂದು ಸಾರಿದೆ. ದುಃಖವನ್ನು ನೀಗುವ ಯೋಗವು ಹಿತಮಿತವಾಗಿ ಬಾಳುವವನದು.

ಬಾಳಿನ ಕ್ರಮದಲ್ಲಿ ಮಾಡಬಹುದಾದ ಮಾರ್ಪಾಡುಗಳು ದೊಡ್ಡವೇನಲ್ಲ. ನಾವು ಕಾಫಿಯ ನಾಡಿನಿಂದ ಬಂದು ಚಹಾದ ನಗರದಲ್ಲಿ ನೆಲೆಸಿದವರು, ಎರಡನ್ನೂ ಬಿಟ್ಟವರಲ್ಲ. ಇವುಗಳಲ್ಲಿರುವ ಕೆಫೀನ್ ದಣಿವಿನ ಸೂಚನೆಯನ್ನು ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ದಣಿವನ್ನು ಕಳೆಯುವುದಿಲ್ಲ, ಮರೆಮಾಚುತ್ತದೆ. ಸೇವಿಸಿದುದರಲ್ಲಿ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ಎಚ್ಚರವಾಗಿಯೇ ಇರುತ್ತದೆ. ಕಳವಳವಿದ್ದವರು ಮಧ್ಯಾಹ್ನದ ಬಳಿಕ ಇದನ್ನು ಬಿಟ್ಟು ಎರಡು ವಾರ ನೋಡಲಿ. ಇನ್ನು ನಡಿಗೆ. ವಾರಕ್ಕೆ 150 ನಿಮಿಷಗಳ ಚುರುಕಾದ ನಡಿಗೆಯಂಥ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿದೆ. ಒಳಗೆ ಉಳಿದ ಕಾವನ್ನು ಕರಗಿಸುವ ಓಟ ಇದೇ. ಥಾಣೆಯವರಿಗೆ ಮಾಸುಂದಾ ಸರೋವರದ ದಂಡೆಯುಂಟು, ಉಪವನವುಂಟು. ವಾಶಿಯವರಿಗೆ ಖಾಡಿಯ ಗಾಳಿಯುಂಟು. ಏನೂ ಇಲ್ಲದವರಿಗೆ ಸ್ಟೇಷನ್ನಿನಿಂದ ಮನೆಯವರೆಗೆ ರಿಕ್ಷಾ ಹತ್ತದ ದಾರಿಯುಂಟು.

ಉಸಿರಿನ ವಿಷಯ ಭಕ್ತರಾದ ನಮಗೆ ಇನ್ನೂ ಹತ್ತಿರದ್ದು. ಹೃದಯದ ಬಡಿತಕ್ಕೆ, ಜಠರದ ಕೆಲಸಕ್ಕೆ ನಾವು ಆಜ್ಞೆ ಮಾಡಲಾರೆವು. ಆದರೆ ಉಸಿರು ತಾನಾಗಿಯೂ ನಡೆಯುತ್ತದೆ, ನಾವು ನಡೆಸಿದಂತೆಯೂ ನಡೆಯುತ್ತದೆ. ಆ ಕಾವಲುಗಾರನ ಕೋಣೆಗೆ ನಮಗಿರುವ ಬಾಗಿಲು ಇದೊಂದೇ ಎನ್ನಬಹುದು. ಬಿಡುವ ಉಸಿರನ್ನು ನಿಧಾನಿಸಿದಾಗ ಎದೆಬಡಿತ ತಗ್ಗುತ್ತದೆ. ಇಟಲಿಯ ವೈದ್ಯರೂ ಅವರ ಸಹಚರರೂ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನು ಹೇಳುವಾಗಲೂ ಬೌದ್ಧರ ಮಂತ್ರವೊಂದನ್ನು ಹೇಳುವಾಗಲೂ ಉಸಿರು ನಿಮಿಷಕ್ಕೆ ಸುಮಾರು ಆರರ ಲಯಕ್ಕೆ ಇಳಿದು, ಹೃದಯದ ಲಯವೂ ಅದರೊಡನೆ ಕೂಡಿಕೊಂಡುದು ಕಂಡುಬಂದಿತು. ಭಾಷೆ ಬೇರೆ, ದೇವರ ಹೆಸರು ಬೇರೆ. ಎದೆಗೆ ದೊರೆತ ವಿಶ್ರಾಂತಿ ಒಂದೇ. ನಮ್ಮ ಲೋಕಲ್ ಗಾಡಿಗಳಲ್ಲಿ ತಾಳ ಹಿಡಿದು ಅಭಂಗ ಹಾಡುತ್ತ ಹೋಗುವ ಮರಾಠಿ ಭಜನಾ ಮಂಡಳಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಇಕ್ಕಟ್ಟು, ಅದೇ ಸೆಕೆ. ಆದರೆ ಹಾಡುವವರ ಮುಖ ಬೇರೆ. ನಮ್ಮ ಶನಿವಾರದ ಭಜನೆಗಳಿಗೂ ಈ ಗುಣವಿದೆ. ಅಲ್ಲಿ ಉಸಿರು ನೀಳವಾಗುವುದಷ್ಟೇ ಅಲ್ಲ, ನೆರೆಯಲ್ಲಿ ಕುಳಿತವರ ಸಂಗವೂ ದೊರೆಯುತ್ತದೆ. ಒಂಟಿತನದಷ್ಟು ಕಳವಳವನ್ನು ಬೆಳೆಸುವ ಗೊಬ್ಬರ ಬೇರೊಂದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. 'ನಾಲ್ಕೂವರೆಗೆ ಏಳುವ, ರಾತ್ರಿ ಒಂಬತ್ತಕ್ಕೆ ಮರಳುವ ಹೆಣ್ಣುಮಗಳಿಗೆ ಏಳು ಗಂಟೆ ನಿದ್ರೆ ಮಾಡು, ಕೆರೆಯ ಸುತ್ತ ನಡೆ ಎಂದು ಉಪದೇಶಿಸುವುದು ಕ್ರೂರ ಹಾಸ್ಯವಲ್ಲವೆ?' ಹೌದು, ಅವಳೊಬ್ಬಳಿಗೇ ಉಪದೇಶಿಸಿದರೆ ಕ್ರೂರವೇ. ಅವಳ ಕಳವಳಕ್ಕೆ ಅವಳ ದೇಹವು ಕಾರಣ; ಆ ದೇಹದ ದಣಿವಿಗೆ ಮನೆಯ ಕೆಲಸದ ಹಂಚಿಕೆ ಕಾರಣ, ಕಚೇರಿಯ ಕ್ರಮ ಕಾರಣ, ಗಾಡಿಗಳ ಕೊರತೆ ಕಾರಣ. ಆದುದರಿಂದ ಬಾಳಿನ ಕ್ರಮವನ್ನು ತಿದ್ದುವುದು ವ್ಯಕ್ತಿಯ ಸಾಧನೆಯಾಗುವ ಮೊದಲು ಮನೆಯ ಧರ್ಮವಾಗಬೇಕು. ಗಂಡನಾದವನು ಬೆಳಗಿನ ಡಬ್ಬಿಯನ್ನು ಕಟ್ಟಿದರೆ ಹೆಂಡತಿಗೆ ಮುಕ್ಕಾಲು ಗಂಟೆ ನಿದ್ರೆಯ ದಾನವಾಗುತ್ತದೆ. ನವರಾತ್ರಿಯಲ್ಲಿ ಇದಕ್ಕಿಂತ ಮೇಲಾದ ದೇವೀಪೂಜೆ ಯಾವುದಿದ್ದೀತು? ನಗರದಲ್ಲಿ ಗಾಡಿಗಳನ್ನು ಹೆಚ್ಚಿಸಿರೆಂದು ನಾಗರಿಕರು ಒಕ್ಕೊರಲಿನಿಂದ ಕೇಳುವುದೂ ಈ ದೃಷ್ಟಿಯಿಂದ ಲೌಕಿಕ ಕಾರ್ಯ ಮಾತ್ರವಲ್ಲ.

ಇಷ್ಟೆಲ್ಲ ಮಾಡಿದರೂ ಬಿಡದ ಕಳವಳವುಂಟು. ವಾರಗಟ್ಟಲೆ ನಿದ್ರೆಯಿಲ್ಲದೆ, ಮನೆಯಿಂದ ಹೊರಡಲು ಭಯಪಡುವಷ್ಟು, ಬದುಕೇ ಬೇಡವೆನಿಸುವಷ್ಟು ಬಾಧಿಸಿದಾಗ ಚಿಕಿತ್ಸೆ ಬೇಕೇ ಬೇಕು. ಮಾತಿನ ಚಿಕಿತ್ಸೆಯೂ ಉಂಟು, ಔಷಧವೂ ಉಂಟು. ನಮ್ಮ ಭಾಷೆಗೆ ಈ ವಿಷಯ ಅಪರಿಚಿತವಲ್ಲ. 'ಕೊರವಂಜಿ'ಯ ಮೂಲಕ ಕನ್ನಡಿಗರನ್ನು ನಗಿಸಿದ ರಾಶಿಯವರು, ಎಂದರೆ ಡಾ. ಎಂ. ಶಿವರಾಂ ಅವರು, ಮನೋವೈದ್ಯ ವಿಚಾರಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಸರಳ ಕನ್ನಡದಲ್ಲಿ ಪುಸ್ತಕಗಳ ಸಾಲನ್ನೇ ರಚಿಸಿದ್ದಾರೆ. ಥಾಣೆಯ ಮನೋರೋಗ ಚಿಕಿತ್ಸಾಲಯವು 1901ರಷ್ಟು ಹಳೆಯದು. ಅದರ ಹೆಸರನ್ನು ಬೈಗುಳವಾಗಿ ಬಳಸುವ ಕೆಟ್ಟ ಚಾಳಿಯನ್ನು ನಾವು ಬಿಡಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ದೂರವಾಣಿ ಮಾಡಬಹುದು. ಕನ್ನಡವೂ ಅದರ ಭಾಷೆಗಳಲ್ಲೊಂದು. ಕಣ್ಣಿಗೆ ಕನ್ನಡಕ ಹಾಕಿಕೊಂಡು ದೇವರ ದರ್ಶನ ಮಾಡುವವನಿಗೆ ಭಕ್ತಿ ಕಡಿಮೆಯೆಂದು ಯಾರೂ ಹೇಳುವುದಿಲ್ಲ. ಮನಸ್ಸಿಗೆ ಔಷಧ ಸೇವಿಸಿ ಜಪಕ್ಕೆ ಕುಳಿತವನಿಗೂ ಅದೇ ನ್ಯಾಯ ಸಲ್ಲಬೇಕು.

ಹಾಗಾದರೆ ಶ್ರದ್ಧೆಗೆ ಏನು ಕೆಲಸ ಉಳಿಯಿತು? ಬಹಳ ಉಳಿಯಿತು. ಗೀತೆಯ ಎರಡನೆಯ ಅಧ್ಯಾಯವನ್ನು ನೆನೆಯಿರಿ. ಶ್ರೀಕೃಷ್ಣನು ಮೊದಲು ಅರ್ಜುನನನ್ನು ಗದರಿಸುತ್ತಾನೆ, ಈ ದೌರ್ಬಲ್ಯ ನಿನಗೆ ತಕ್ಕುದಲ್ಲವೆನ್ನುತ್ತಾನೆ. ಭಗವಂತನ ಬಾಯಿಂದಲೇ ಬಂದ ಆ ಗದರಿಕೆಯಿಂದ ಅರ್ಜುನನು ಏಳಲಿಲ್ಲ. ಯುದ್ಧ ಮಾಡುವುದಿಲ್ಲವೆಂದು ಹೇಳಿ ಸುಮ್ಮನಾದ. ಆಗ ಕೃಷ್ಣನು ಮುಗುಳ್ನಗುತ್ತ ಅವನ ಪಕ್ಕದಲ್ಲಿ ನಿಂತು, ಹದಿನೆಂಟನೆಯ ಅಧ್ಯಾಯದವರೆಗೆ ತಾಳ್ಮೆಯಿಂದ ಮಾತನಾಡಿದ. ಅವನ ಪ್ರಶ್ನೆಗಳನ್ನೆಲ್ಲ ಕೇಳಿದ. ಗದರಿಕೆ ಸೋತಲ್ಲಿ ಸಂಗ ಗೆದ್ದಿತು. ಮೇಧಸ್ ಋಷಿಗಳೂ ಸುರಥ ಸಮಾಧಿಯರನ್ನು ಹೀಗಳೆಯಲಿಲ್ಲ. ತಾನು ಹಸಿದಿದ್ದರೂ ಮರಿಯ ಕೊಕ್ಕಿಗೆ ಕಾಳು ಹಾಕುವ ಹಕ್ಕಿಗಳನ್ನು ನೋಡಿರಿ ಎಂದರು. ಈ ತುಡಿತವು ಪ್ರಾಣಿಮಾತ್ರಕ್ಕೆ ಸಹಜವಾದುದು, ಬಲ್ಲವರ ಮನಸ್ಸನ್ನೂ ಮಹಾಮಾಯೆ ಸೆಳೆಯುತ್ತಾಳೆ ಎಂದರು. ಕಳವಳವು ದೋಷವೆ, ಬಾಧೆಯೆ ಎಂಬ ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದು ಪ್ರೀತಿಗೆ ದೇಹವು ತೆರುವ ತೆರಿಗೆ. ತೆರಿಗೆ ಮಿತಿಮೀರಿದಾಗ ತಗ್ಗಿಸಬೇಕು. ಆದರೆ ತೆರುವವನನ್ನು ಅಪರಾಧಿಯೆನ್ನಬಾರದು.

ಆದರೂ ಋಷಿಗಳು ಅಲ್ಲಿಗೇ ನಿಲ್ಲಲಿಲ್ಲ. ಇದು ಸಹಜವೆಂದು ಹೇಳಿ ಸುಮ್ಮನೆ ಕೂಡಿಸಲಿಲ್ಲ, ಸಾಧನೆಯ ದಾರಿಯನ್ನೂ ತೋರಿಸಿದರು. ಕಳವಳ ಬಂದುದು ನಮ್ಮ ತಪ್ಪಲ್ಲ. ಬಂದ ಬಳಿಕ ಅದನ್ನು ಅರಿತು ಉಪಚರಿಸುವುದು ಮಾತ್ರ ನಮ್ಮ ಹೊಣೆ. ಅವರಿಬ್ಬರೂ ನದಿಯ ದಂಡೆಯಲ್ಲಿ ಮಣ್ಣಿನ ಮೂರ್ತಿಯನ್ನು ಮಾಡಿ, ಆಹಾರವನ್ನು ನಿಯಮಿಸಿ, ಮನಸ್ಸನ್ನು ನಿಲ್ಲಿಸಿ ಮೂರು ವರ್ಷ ಸಾಧಿಸಿದರು. ಒಂದು ರಾತ್ರಿಯಲ್ಲಿ ಫಲ ಬರಲಿಲ್ಲವೆಂಬುದು ಗಮನಾರ್ಹ. ಕೊನೆಗೆ ದೇವಿ ಪ್ರತ್ಯಕ್ಷಳಾದಾಗ ರಾಜನು ರಾಜ್ಯವನ್ನು ಕೇಳಿದ, ವೈಶ್ಯನು ಮಮತೆಯ ಬಂಧನವನ್ನು ಕಳೆಯುವ ಜ್ಞಾನವನ್ನು ಕೇಳಿದ. ದೇವಿ ಇಬ್ಬರಿಗೂ ಕೊಟ್ಟಳು. ಒಬ್ಬನ ಬೇಡಿಕೆ ಕೀಳು, ಇನ್ನೊಬ್ಬನದು ಮೇಲು ಎನ್ನಲಿಲ್ಲ. ಮನೆಯ ಹೊಣೆಯನ್ನು ಹೊತ್ತು ಮತ್ತೆ ನಾಳೆಯ ಗಾಡಿಯನ್ನು ಹಿಡಿಯಬೇಕಾದವರು ನಾವು. ಹೆಚ್ಚಿನವರು ಸುರಥನ ಸಾಲಿಗೆ ಸೇರಿದವರು. ನಮ್ಮ ಪುಟ್ಟ ರಾಜ್ಯವನ್ನು ನಡುಗದ ಕೈಯಿಂದ ನಡೆಸುವಷ್ಟು ನೆಮ್ಮದಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಈ ದಸರೆಯಲ್ಲಿ ನಮ್ಮ ಬಂಧುಗಳಲ್ಲಿ ಯಾರಾದರೂ 'ಏನೋ ಎದೆ ನಡುಗುತ್ತದೆ' ಎಂದರೆ ಉಪದೇಶಕ್ಕೆ ಆತುರಪಡದೆ ಮೂರು ಪ್ರಶ್ನೆ ಕೇಳೋಣ: ಸರಿಯಾಗಿ ಉಂಡಿರೇ? ಚೆನ್ನಾಗಿ ಮಲಗಿದಿರೇ? ವೈದ್ಯರಿಗೆ ತೋರಿಸಿದಿರೇ? ಆಮೇಲೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರೋಣ. ನಿದ್ರೆಯೂ ಹಸಿವೂ ಶಾಂತಿಯೂ ತಾನೇ ಆಗಿರುವ ಜಗನ್ಮಾತೆಯು ಎಲ್ಲರ ಮನೆಗಳಲ್ಲಿಯೂ ಆ ಮೂರು ರೂಪಗಳಿಂದ ನೆಲೆಸಲಿ.